ಎಲ್ಲರ ಗೋಡೆಯ ಮೇಲೂ ಮಾವನ ಮೂಗು

ಸತ್ತ ಮೇಲೆ ಮನುಷ್ಯ ಹೇಗೆ ಕಾಣುತ್ತಾನೆ? ದೊಡ್ಡ ದೊಡ್ಡ ವೇದಾಂತಿಗಳೂ ಈ ಪ್ರಶ್ನೆಯ ಮುಂದೆ ತಡವರಿಸಿದ್ದಾರೆ. ತೆಲುಗು ನಾಡಿನ ಗಡಿಯ ನಮ್ಮ ಆದವಾನಿ, ಆಲೂರು, ನಂದವರಂ ಕಡೆಯ ಜನಕ್ಕೆ ಮಾತ್ರ ಅಂಥ ತೊಂದರೆಯಿಲ್ಲ. ಯಾರ ಮನೆಯ ಪಡಸಾಲೆಗಾದರೂ ಹೋಗಿ, ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ಕೂತವರನ್ನು ನೋಡಿ, ಉತ್ತರ ಅಲ್ಲೇ ಇದೆ. ಸತ್ತ ಮೇಲೆ ಮನುಷ್ಯ ನಮ್ಮ ಸೋದರಮಾವನ ಹಾಗೆ ಕಾಣುತ್ತಾನೆ! ಗಂಡಸರಷ್ಟೇ ಅಲ್ಲ, ಹೆಂಗಸರೂ.

ಇದು ದೆವ್ವದ ಕಥೆಯಲ್ಲ. ನಮ್ಮ ಮಾವನಿಗೆ ಆದವಾನಿಯ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಒಂದು ಫೋಟೋ ಸ್ಟುಡಿಯೋ ಇದೆ. ತೀರಿಹೋದವರ ದೊಡ್ಡ ಫೋಟೋ ಮಾಡಿಕೊಡುವುದರಲ್ಲಿ ಅವನದು ಎತ್ತಿದ ಕೈ. ಹಳ್ಳಿಯವರು ತರುವುದಾದರೂ ಏನು? ರೇಷನ್ ಕಾರ್ಡಿನ ಮಸುಕು ಫೋಟೋ, ಇಲ್ಲವೇ ಯಾರದೋ ಮದುವೆಯ ಗುಂಪಿನಲ್ಲಿ ಬೇರೊಬ್ಬರ ಪೇಟದ ಹಿಂದಿನಿಂದ ಇಣುಕುತ್ತಿರುವ ಅರ್ಧ ಮುಖ. ಒಂದು ಕಣ್ಣಿದ್ದರೆ ಇನ್ನೊಂದಿಲ್ಲ, ಮೂಗಿದ್ದರೆ ಕಿವಿಯಿಲ್ಲ. ಇಲ್ಲದ್ದನ್ನು ತುಂಬಿ ಇಡೀ ಮನುಷ್ಯನನ್ನು ಮಾಡಿಕೊಡುವುದು ಮಾವನ ಕೆಲಸ. ತುಂಬುವ ಸಾಮಾನು ಎಲ್ಲಿಂದ ಬರಬೇಕು? ಬೇರೆ ಸ್ಟುಡಿಯೋದವರು ಸತ್ತವರ ಒಡಹುಟ್ಟಿದವರನ್ನು ಕೂರಿಸಿಕೊಂಡು, ಅವರ ಮುಖ ನೋಡಿ ತುಂಬುತ್ತಾರಂತೆ. ಮಾವನಿಗೆ ಅಷ್ಟು ದೂರ ಹೋಗುವ ಅಗತ್ಯವೇ ಕಂಡಿಲ್ಲ. ಮೂವತ್ತೆರಡನೆಯ ವಯಸ್ಸಿನಲ್ಲಿ ತಾನೇ ತೆಗೆದುಕೊಂಡ ತನ್ನ ಫೋಟೋವೊಂದನ್ನು ಕಂಪ್ಯೂಟರಿಗೆ ಏರಿಸಿ, ತುಂಡು ತುಂಡು ಮಾಡಿ ಇಟ್ಟುಕೊಂಡಿದ್ದಾನೆ. ಎಡಗಿವಿ, ಬಲಗಿವಿ, ಮೂಗು, ಹುಬ್ಬು, ಗದ್ದ, ಎಲ್ಲಕ್ಕೂ ಹೆಸರು ಬರೆದಿದ್ದಾನೆ. ಯಾರಿಗೆ ಏನು ಕಡಿಮೆಯೋ ಅದನ್ನು ಹಚ್ಚಿ ಕಳಿಸುತ್ತಾನೆ.

"ನಿನ್ನ ಮೂಗ್ಯಾಕ ಹಚ್ಚತಿ ಮಾಮಾ, ಪಾಪ, ಸತ್ತೋರಿಗೆ?" ಎಂದು ಒಮ್ಮೆ ಕೇಳಿದ್ದೆ.

"ಇದಕ್ಕಿಂತ ಚಂದ ಮೂಗು ಆದವಾನ್ಯಾಗ ಎಲ್ಲೆರ ಐತೇನು? ಇದ್ರ ತಂದುಕೊಡು, ನಾಳಿಂದ ಅದನ್ನ ಹಚ್ಚತೀನಿ," ಎಂದ.

ನಾನು ಎಲ್ಲಿಂದ ತರಲಿ ಮೂಗು? ಸುಮ್ಮನೆ ಮನೆಗೆ ಬಂದೆ.

ಅವನ ಸ್ಟುಡಿಯೋದಲ್ಲಿ ಮೂರು ಕನ್ನಡಿಗಳಿವೆ. ಒಂದು ಗಿರಾಕಿಗಳದು, ಎರಡು ಅವನವು. ಒಂದು ಎದುರಿನಿಂದ ನೋಡಿಕೊಳ್ಳಲು, ಇನ್ನೊಂದು ಪಕ್ಕದಿಂದ. ಇವುಗಳ ಮುಂದೆ ದಿನಕ್ಕೆ ಎಷ್ಟು ಹೊತ್ತು ಕೂರುತ್ತಾನೆಂದು ಲೆಕ್ಕ ಇಟ್ಟವರಿಲ್ಲ. ಮುಖ್ಯವಾಗಿ ಮೀಸೆ. ದಪ್ಪನೆಯ, ತುದಿ ತಿರುವಿದ, ಪ್ರತಿ ಭಾನುವಾರ ಕಪ್ಪು ಬಳಿಸಿಕೊಳ್ಳುವ ಮೀಸೆ. ಅವನಿಗೆ ಅರವತ್ತು ದಾಟಿದೆ. ಹಾಗೆಂದು ನಾನು ಇಲ್ಲಿ ಬರೆದದ್ದು ಅವನಿಗೆ ಗೊತ್ತಾದರೆ ಮುಂದೆ ನನ್ನ ಫೋಟೋಗೂ ಅವನ ಮೂಗೇ ಗತಿ. ಪಾಸ್‌ಪೋರ್ಟ್ ಫೋಟೋಗೆ ಬಂದವರು ಗದ್ದ ಎತ್ತಿ, ಉಸಿರು ಹಿಡಿದು, ರೆಪ್ಪೆ ಬಡಿಯದೆ ಕಾಯುತ್ತಿರುತ್ತಾರೆ. ಇವನು ಕ್ಯಾಮೆರಾದ ಗಾಜಿನಲ್ಲಿ ತನ್ನ ಮೀಸೆ ಕಂಡಿತೆಂದು ಅದನ್ನು ತಿರುವುತ್ತಾ ನಿಂತಿರುತ್ತಾನೆ. ಆದವಾನಿಯ ಜನರ ಪಾಸ್‌ಪೋರ್ಟ್ ಫೋಟೋಗಳಲ್ಲಿ ಎಲ್ಲರ ಕಣ್ಣುಗಳೂ ಏಕೆ ಹೊರಬಂದಿರುತ್ತವೆ ಎಂದು ಯಾರಾದರೂ ಯೋಚಿಸಿದ್ದರೆ, ಕಾರಣ ಇದು.

"ಆತಗ ಕನ್ನಡಿ ಮೊದಲನೇ ಹೆಂಡ್ತಿ. ನಾ ಎರಡನೇಕಿ," ಎನ್ನುತ್ತಾಳೆ ನಮ್ಮತ್ತೆ. ಮದುವೆಯಾದ ಹೊಸದರಲ್ಲಿ ನಗುತ್ತಾ ಹೇಳುತ್ತಿದ್ದಳಂತೆ. ಈಗ ನಗುವುದನ್ನು ಬಿಟ್ಟಿದ್ದಾಳೆ.

ಹತ್ತಿಯ ಸುಗ್ಗಿ ಬಂತೆಂದರೆ ಮಾವನ ಕಷ್ಟ ನೋಡಲಾಗದು. ಊರಿಗೆ ಹತ್ತಿ ಬರುತ್ತದೆ, ಜಿನ್ನಿಂಗ್ ಮಿಲ್ಲುಗಳು ಓಡುತ್ತವೆ, ಗಾಳಿಯಲ್ಲೆಲ್ಲ ಎಳೆ ಹಾರುತ್ತದೆ. ನಮ್ಮೆಲ್ಲರ ತಲೆಯ ಮೇಲೆ, ತೋಳಿನ ಮೇಲೆ, ಚಹಾದಲ್ಲಿ ಕೂಡ ಬೀಳುತ್ತದೆ. ನಾವು ಊದಿ ಕುಡಿಯುತ್ತೇವೆ. ಮಾವನಿಗೆ ಮಾತ್ರ ಅದು ಹಗೆ. ಮೀಸೆಯ ಮೇಲೆ ಒಂದೇ ಒಂದು ಎಳೆ ಕೂತರೂ ನರೆಗೂದಲಿನಂತೆ ಕಾಣುತ್ತದಲ್ಲ! ಹಾಗಾಗಿ ನಾಲ್ಕು ತಿಂಗಳು ಬಾಯಿಗೆ ಕರವಸ್ತ್ರ ಹಿಡಿದೇ ಓಡಾಡುತ್ತಾನೆ. ಒಂದು ದಿನ ಕರವಸ್ತ್ರ ಮರೆತು ಹೋಗಿದ್ದಾಗ ಮಾರ್ಕೆಟ್ ಯಾರ್ಡಿನ ಮುಂದೆ ಮೂಟೆ ಹೊತ್ತ ಹಮಾಲಿಯೊಬ್ಬ "ತಾತಾ, ಪಕ್ಕಕು ಜರುಗು" ಎಂದುಬಿಟ್ಟ. ಅಜ್ಜಾ, ಪಕ್ಕಕ್ಕೆ ಸರಿ ಎಂದು. ಮಾವ ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ನಮ್ಮ ಮನೆಗೆ ಬಂದು, "ಅದು ಹತ್ತಿ ಇತ್ತವ್ವ, ಬರೇ ಹತ್ತಿ," ಎಂದು ನನಗೆ ಸಮಜಾಯಿಷಿ ಕೊಟ್ಟ. ನಾನೇನೂ ಕೇಳಿರಲಿಲ್ಲ.

ನಾನು ಇಲ್ಲಿನ ಒಂದು ಡಿಗ್ರಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವವಳು. ನನ್ನ ಪಾಲಿಗೆ ಬಂದಿರುವುದು ಪರದೇಶದ ಹಳೆಯ ಕಾಲದ ದಿಗಿಲಿನ ಕಾದಂಬರಿಗಳು. ಪಾಳುಬಿದ್ದ ಕೋಟೆ, ಕೊನೆಯಿಲ್ಲದ ಮೊಗಸಾಲೆ, ಗೋಡೆಯ ಮೇಲೆ ಸತ್ತ ಹಿರಿಯರ ಚಿತ್ರಗಳು, ಇವುಗಳ ನಡುವೆ ಒಬ್ಬ ರೂಪವಂತ ದೊರೆ. ಅವನಿಗೆ ತನ್ನ ಮುಖದ ಮೇಲೆ ತನಗೇ ಮೋಹ. ಆ ಮೋಹವನ್ನು ಕಾಪಾಡಿಕೊಳ್ಳಲು ಮೊದಲು ಒಂದು ಸಣ್ಣ ಸುಳ್ಳು. ಸಣ್ಣದನ್ನು ಮುಚ್ಚಲು ದೊಡ್ಡದು. ಅಷ್ಟರಲ್ಲಿ ಯಾರದೋ ಬದುಕು ಹಾಳಾಗಿರುತ್ತದೆ. ಕೊನೆಗೆ ಒಳಗಿನ ಮನುಷ್ಯ ಪೂರ್ತಿ ಕೊಳೆತು ಮುಖವೊಂದು ಮಾತ್ರ ಉಳಿದಿರುತ್ತದೆ. ಇದನ್ನು ನಾನು ವರ್ಷ ವರ್ಷವೂ ಅರ್ಧ ಇಂಗ್ಲಿಷಿನಲ್ಲಿ, ಅರ್ಧ ತೆಲುಗಿನಲ್ಲಿ, ಸಿಟ್ಟು ಬಂದಾಗ ಕನ್ನಡದಲ್ಲಿ ಹೇಳುತ್ತೇನೆ. ಒಂದು ದಿನ ಆ ಗೋಡೆಯ ಚಿತ್ರಗಳ ಬಗ್ಗೆ ಹೇಳುತ್ತಿದ್ದೆ. ಎತ್ತ ಹೋದರೂ ಅವುಗಳ ಕಣ್ಣು ಹಿಂಬಾಲಿಸುತ್ತದೆ ಎಂದು ದನಿ ತಗ್ಗಿಸಿ, ಕಣ್ಣು ಅಗಲಿಸಿ ಹೇಳಿದೆ. ಯಾರೂ ಹೆದರಲಿಲ್ಲ. ನಂದವರಂನಿಂದ ಬರುವ ಹುಡುಗಿಯೊಬ್ಬಳು ಎದ್ದು ನಿಂತಳು.

"ಮಾ ಇಂಟ್ಲೋ ಕೂಡಾ ಉಂದಿ ಮೇಡಂ. ನಮ್ಮ ಮನ್ಯಾಗೂ ತಾತನ ಫೋಟೋ ಹಂಗ ನೋಡ್ತೈತ್ರಿ. ಆದ್ರ ಅದು ತಾತನ ಗತೆ ಇಲ್ರಿ. ಬಸ್ ಸ್ಟ್ಯಾಂಡ್ ಹಿಂದ ಸ್ಟುಡಿಯೋ ಐತಲ್ರಿ, ಆ ಅಂಕಲ್ ಗತೆ ಐತ್ರಿ."

ಹಿಂದಿನ ಬೆಂಚಿನಿಂದ ಇನ್ನೊಬ್ಬ ತನ್ನ ಅಜ್ಜಿಯೂ ಹಾಗೇ ಇದ್ದಾಳೆಂದ. ಮೂರನೆಯವನು ತಮ್ಮ ಮನೆಯಲ್ಲಿ ಇಬ್ಬರಿದ್ದಾರೆಂದ. ಐದು ನಿಮಿಷದಲ್ಲಿ ಅರ್ಧ ಕ್ಲಾಸಿನ ಹಿರಿಯರೆಲ್ಲ ಒಂದೇ ಮನೆತನದವರಾದರು. ಆ ಅಂಕಲ್ ನನ್ನ ಸೋದರಮಾವ ಎಂದು ಹೇಳುವ ಧೈರ್ಯ ನನಗೆ ಬರಲಿಲ್ಲ. ಗಂಟೆ ಹೊಡೆಯಿತು.

ಮನೆಗೆ ಬಂದವಳೇ ನಮ್ಮಪ್ಪನ ಫೋಟೋದ ಮುಂದೆ ನಿಂತೆ. ಅಪ್ಪ ಹೋಗಿ ಎಂಟು ವರ್ಷವಾಗಿತ್ತು. ಆ ಫೋಟೋ ಮಾಡಿದವನೂ ಮಾವನೇ. ಎಂಟು ವರ್ಷ ದಿನಾ ಕೈಮುಗಿದಿದ್ದೇನೆ, ನೋಡಿರಲಿಲ್ಲ. ಅಪ್ಪನ ಕಿವಿಗಳು ದೊಡ್ಡವು, ಹೊರಗೆ ಚಾಚಿದವು. ನನಗೂ ಅವೇ ಬಂದಿವೆ. ನಾನು ಪೂರ್ತಿ ಅಪ್ಪನ ಅಚ್ಚು. ಫೋಟೋದಲ್ಲಿ ಮಾತ್ರ ಅಪ್ಪ ಪುಟ್ಟ, ಮಟ್ಟಸವಾದ, ತಲೆಗೆ ಅಂಟಿದ ಕಿವಿ ಇಟ್ಟುಕೊಂಡು ಗಂಭೀರವಾಗಿ ಕೂತಿದ್ದಾನೆ. ಮಾವನ ಕಿವಿ! ಹೆಂಡತಿಯ ತಮ್ಮನ ಕಿವಿ ಹಚ್ಚಿಕೊಂಡು ಎಂಟು ವರ್ಷ ನನ್ನಿಂದ ಊದುಬತ್ತಿ ಬೆಳಗಿಸಿಕೊಂಡಿದ್ದಾನೆ ನಮ್ಮಪ್ಪ.

ಮರುದಿನವೇ ಸ್ಟುಡಿಯೋಗೆ ಹೋಗಿ ಮಾವನನ್ನು ಕೂರಿಸಿ ಆ ದೊರೆಯ ಕಥೆಯನ್ನು ಮೊದಲಿನಿಂದ ಹೇಳಿದೆ. ಗೋಡೆಯ ಮೇಲಿನ ಚಿತ್ರ, ಮುಖದ ಮೋಹ, ಸಣ್ಣ ಸುಳ್ಳು, ದೊಡ್ಡ ಸುಳ್ಳು, ಒಳಗಿನ ಕೊಳೆತ, ಯಾವುದನ್ನೂ ಬಿಡಲಿಲ್ಲ. ಮಾವ ಗದ್ದಕ್ಕೆ ಕೈಕೊಟ್ಟು ಕೇಳಿದ. ಅವನ ಕಣ್ಣಲ್ಲಿ ಏನೋ ಮಿಂಚಿತು. ನಾಟಿತು ಎಂದುಕೊಂಡೆ.

"ಆ ಚಿತ್ರ ಬರದೋನು ಬೆಳಕು ಎಡಗಡಿಂದ ತಗೊಂಡಿದ್ದನೊ, ಬಲಗಡಿಂದನೊ?" ಎಂದು ಕೇಳಿದ.

ಇಂಥವನಿಗೆ ಏನು ಹೇಳುವುದು? ಇನ್ನೊಂದು ದಿನ, ನಾನು ಅಲ್ಲಿದ್ದಾಗಲೇ, ನಿವೃತ್ತ ಮೇಷ್ಟ್ರೊಬ್ಬರು ತಾವು ಬದುಕಿರುವಾಗಲೇ ಗೋಡೆಯ ಫೋಟೋ ಮಾಡಿಸಿಟ್ಟುಕೊಳ್ಳಲು ಆಲೂರಿನಿಂದ ಬಂದಿದ್ದರು. ಮನುಷ್ಯ ಎದುರಿಗೇ ಕೂತಿದ್ದಾರೆ, ಮೂಗು ಸ್ವಂತದ್ದು ಇದೆ. ಆದರೂ ಮಾವ ತನ್ನದನ್ನೇ ಹಚ್ಚಿದ. ಮೇಷ್ಟ್ರು ಫೋಟೋ ಹಿಡಿದು ಬಹಳ ಹೊತ್ತು ನೋಡಿ, "ನೋಡ್ರಿ, ಇಷ್ಟ್ ವರ್ಷ ಕನ್ನಡಿ ನನಗ ಮೋಸ ಮಾಡೈತಿ," ಎಂದು ಸಂತೋಷದಿಂದ ಹೋದರು. ಮಾವ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆದರೆ ನಂದವರಂನ ಮುದುಕಿಯೊಬ್ಬಳ ಸಂಗತಿಯನ್ನು ನಾನು ಇವತ್ತಿಗೂ ಮರೆತಿಲ್ಲ. ಗಂಡನ ಫೋಟೋ ಒಯ್ಯಲು ಬಂದಿದ್ದಳು. ಕಟ್ಟು ಹಾಕಿದ ಫೋಟೋವನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಿಂದ ಗಾಜಿನ ಮೇಲೆ ಏನನ್ನೋ ಹುಡುಕುತ್ತಿದ್ದಳು.

"ಕೆನ್ನಿ ಮ್ಯಾಲ ನರೂಲಿ ಇತ್ತಪ್ಪಾ ನಮ್ಮಾತಗ. ಅದೆಲ್ಲಿ?" ಎಂದಳು.

"ಇದ್ದಿಲ್ಲಬೇ. ನಿನಗ ಮರವು," ಎಂದ ಮಾವ. ಅವನೇ ಆ ನರಹುಲಿಯನ್ನು ತೆಗೆದು ಕೆನ್ನೆ ನುಣ್ಣಗೆ ಮಾಡಿದ್ದ.

"ಇದ್ದಂಗ ನೆಪ್ಪು..."

"ನಾ ಫೋಟೋ ಮಾಡೋನು, ನನಗ ಗೊತ್ತಿರೂದಿಲ್ಲೇನು? ಇದ್ದಿಲ್ಲ."

ಮುದುಕಿ ಗಾಜಿನ ಮೇಲಿಂದ ಬೆರಳು ತೆಗೆದು, "ಇದ್ದಿಲ್ಲೇನೋ ಹಂಗಾದ್ರ," ಎಂದು ಫೋಟೋವನ್ನು ಸೆರಗಿನಲ್ಲಿ ಸುತ್ತಿಕೊಂಡು ಹೋದಳು. ಐವತ್ತು ವರ್ಷ ಸಂಸಾರ ಮಾಡಿದ ಗಂಡನ ಮುಖವನ್ನೇ ಅವಳಿಂದ ಕಿತ್ತುಕೊಂಡು ಕಳಿಸಿದನಲ್ಲ! ಆವತ್ತು ನಾನು ಅವನೊಂದಿಗೆ ಜಗಳವಾಡಿ ಹದಿನೈದು ದಿನ ಮಾತು ಬಿಟ್ಟೆ. ನಾನು ಪಾಠ ಮಾಡುವ ಕಾದಂಬರಿಗಳಲ್ಲಿ ಕೆಟ್ಟ ದೊರೆಗೆ ಕೋಟೆಯಾದರೂ ಇರುತ್ತದೆ. ಇವನಿಗಿರುವುದು ಹತ್ತಡಿಯ ಅಂಗಡಿ, ಆದರೂ ಕೊಬ್ಬು ಅದೇ.

ನನ್ನನ್ನು ಮತ್ತೆ ಅವನೊಡನೆ ಮಾತಾಡಿಸಿದವಳು ನಮ್ಮವ್ವ. ಮಾವನ ಅಕ್ಕ. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿದವಳು, ಅವನು ಏನು ಮಾಡಿದರೂ ಅವಳಿಗೆ ಚೆಂದ. ಇಬ್ಬರೂ ಒಂದೇ ಅಚ್ಚಿನಲ್ಲಿ ತೆಗೆದ ಹಾಗೆ. ಅದೇ ಹಣೆ, ಅದೇ ಕಣ್ಣು, ಊರಿಗೆಲ್ಲ ಹಂಚಿಹೋದ ಅದೇ ಮೂಗು. ಮೀಸೆಯೊಂದೇ ವ್ಯತ್ಯಾಸ.

ಸ್ಟುಡಿಯೋ ಶುರುವಾದ ದಿನ ಮಾವ ತೆಗೆದ ಮೊದಲ ಫೋಟೋ ಅವ್ವನದು. ಮರುದಿನ ಫೋಟೋ ನೋಡಿ, "ಅಕ್ಕಾ, ನಿನ್ನ ಮುಖ ಫೋಟೋಕ್ಕ ಬರೂದಿಲ್ಲ ಬಿಡು," ಎಂದು ಅದನ್ನು ಹರಿದುಹಾಕಿದನಂತೆ. ಅವ್ವ ನಕ್ಕಳಂತೆ. ನಕ್ಕು, ಅದನ್ನೇ ಕೊನೆಯ ತೀರ್ಪೆಂದು ಒಪ್ಪಿಕೊಂಡಳು. ಫೋಟೋದ ಕೆಲಸ ಬಲ್ಲ ತಮ್ಮನೇ ಹೇಳಿದ ಮೇಲೆ ಇನ್ನೇನು? ಆಮೇಲೆ ಒಮ್ಮೆಯೂ ತಾನಾಗಿ ಕ್ಯಾಮೆರಾದ ಮುಂದೆ ನಿಲ್ಲಲಿಲ್ಲ. ಪರದೆಯ ಬಟ್ಟೆಯ ಹಿಂದೆ ನಿಂತಳು. ಮಾವ ಹಳ್ಳಿ ಹಳ್ಳಿಗೆ ಕಾರ್ಡಿನ ಫೋಟೋ ತೆಗೆಯಲು ಹೋಗುವಾಗ ಜೊತೆಗೆ ಹೋಗಿ, ಕೂತವರ ಬೆನ್ನ ಹಿಂದೆ ನೀಲಿ ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಲ್ಲುತ್ತಿದ್ದಳು. ಆಗಿನ ಫೋಟೋಗಳನ್ನು ನೋಡಿದರೆ ಕೆಲವುಗಳಲ್ಲಿ ಅಂಚಿಗೆ ಎರಡು ಬೆರಳು ಕಾಣುತ್ತವೆ. ಅವು ನಮ್ಮವ್ವನವು.

ಅದೇ ಮುಖ ತಮ್ಮನ ಮೇಲಿದ್ದರೆ ಜಿಲ್ಲೆಗೇ ಹಂಚುವಷ್ಟು ಚೆಂದ, ಅಕ್ಕನ ಮೇಲಿದ್ದರೆ ಫೋಟೋಕ್ಕೆ ಬಾರದು! ಇದು ಯಾವ ನ್ಯಾಯ? ಅವ್ವನಿಗೆ ಎಷ್ಟು ಸಲ ಹೇಳಿದೆ. "ಇರ್ಲಿ ಬಿಡವ್ವ, ಎಲ್ಲಾರ ಮುಖ ಬರಬೇಕಂತೇನೈತಿ," ಎನ್ನುತ್ತಿದ್ದಳು. ನನ್ನ ಫೋನಿನಲ್ಲಿ ಅವಳ ಹನ್ನೊಂದು ಫೋಟೋಗಳಿವೆ. ಏಳರಲ್ಲಿ ಬೆನ್ನು, ಮೂರರಲ್ಲಿ ಅಂಗೈ, ಒಂದರಲ್ಲಿ ಸೆರಗು. ಆಧಾರ್ ಕಾರ್ಡಿನಲ್ಲಿ ಇರುವುದು ಕಣ್ಣು ಮುಚ್ಚಿ ಹಲ್ಲು ಕಚ್ಚಿಕೊಂಡ ಯಾರೋ ಹೆಂಗಸು. ದೊಡ್ಡದು ಮಾಡಿಸಲು ಹೋದರೆ ಬರೀ ಚುಕ್ಕಿಗಳಾದವು.

ಆದರೂ ಅಪ್ಪನ ಫೋಟೋ ತೂಗುಹಾಕಿದ ದಿನ ಪಕ್ಕದಲ್ಲೇ ಇನ್ನೊಂದು ಮೊಳೆ ಹೊಡೆಸಿದ್ದಳು. "ಅದು ನಂದು," ಎಂದಿದ್ದಳು. ಅಲ್ಲಿಯವರೆಗೆ ಖಾಲಿ ಯಾಕಿರಬೇಕೆಂದು ಒಂದು ಜಿನ್ನಿಂಗ್ ಮಿಲ್ಲಿನ ಕ್ಯಾಲೆಂಡರನ್ನು ಅದಕ್ಕೆ ಹಾಕಿದ್ದಳು.

ಹೋದ ವರ್ಷ ಹತ್ತಿ ಸುಗ್ಗಿಯಲ್ಲಿ ಅವ್ವ ತೀರಿಕೊಂಡಳು. ಎರಡು ದಿನ ಜ್ವರ, ಅಷ್ಟೇ. ದೂರದ ನೆಂಟರು ಬರಲೆಂದು ಗಾಜಿನ ಮುಚ್ಚಳದ ಐಸ್ ಪೆಟ್ಟಿಗೆಯಲ್ಲಿ ಮಲಗಿಸಿದ್ದೆವು. ನಾನು ಗೋಡೆಗೆ ಒರಗಿ ಕೂತಿದ್ದೆ. ಮಾವ ಬಂದ. ಅಳಲಿಲ್ಲ. ಪೆಟ್ಟಿಗೆಯ ಮೇಲೆ ಬಾಗಿ ನಿಂತ. ಆಮೇಲೆ ನೋಡುತ್ತೇನೆ, ಕೈ ಮೀಸೆಗೆ ಹೋಗಿದೆ. ಗಾಜಿನಲ್ಲಿ ಮುಖ ನೋಡಿಕೊಳ್ಳುತ್ತಿದ್ದಾನೆ! ಒಂದು ಸಲವಲ್ಲ, ಮತ್ತೆ ಮತ್ತೆ ಬಾಗಿದ, ಮತ್ತೆ ಮತ್ತೆ ಮೀಸೆಗೆ ಕೈ ಹಚ್ಚಿದ. ಒಡಹುಟ್ಟಿದ ಅಕ್ಕ ಗಾಜಿನ ಕೆಳಗೆ ತಣ್ಣಗೆ ಮಲಗಿದ್ದಾಳೆ, ಇವನಿಗೆ ಗಾಜು ಸಿಕ್ಕಿದ್ದೇ ಸಾಕಾಯಿತು. ಆ ಗಳಿಗೆಯಲ್ಲಿ ನನಗೆ ಅವನ ಮೇಲೆ ಬಂದ ಅಸಹ್ಯ ಮತ್ತೆ ಯಾರ ಮೇಲೂ ಬಂದಿಲ್ಲ. ಪುಸ್ತಕದ ದೊರೆಗಳೆಲ್ಲ ಇವನ ಮುಂದೆ ದೇವರಂಥವರು ಅನಿಸಿತು.

ಹದಿಮೂರನೆಯ ದಿನ ಫೋಟೋ ಇಲ್ಲದೆ ಮಣೆಯ ಮೇಲೆ ಅವಳ ಸೀರೆ ಮಡಚಿಟ್ಟು ಪೂಜೆ ಮಾಡಿದೆವು. ಬಂದವರೆಲ್ಲ ಫೋಟೋ ಎಲ್ಲಿ ಎಂದು ಕೇಳಿದರು. ಫೋಟೋದವನ ಅಕ್ಕನಿಗೇ ಫೋಟೋ ಇಲ್ಲ ಎಂದು ನಾನು ಎಷ್ಟು ಜನಕ್ಕೆ ಹೇಳಲಿ? ಮೂಲೆಯಲ್ಲಿ ಕೂತಿದ್ದ ಮಾವ ಎದ್ದು ಬಂದು, "ವರ್ಷದ ತಿಥಿಗೆ ನಾ ಮಾಡಿ ತರ್ತೀನಿ," ಎಂದ.

"ಏನ್ ನೋಡಿ ಮಾಡ್ತಿ?"

"ಮಾಡ್ತೀನಂದೆನಲ್ಲ."

"ನಿನ್ನ ಮುಖ ಹಚ್ಚಿ ತಂದ್ರ ಹೊಸಲು ದಾಟಸೂದಿಲ್ಲ ನಾನು," ಎಂದೆ.

ಮಾವ ಚಪ್ಪಲಿ ಮೆಟ್ಟಿಕೊಂಡು ಹೊರಟ. ಹಚ್ಚುವುದಿಲ್ಲ ಎಂಬ ಮಾತು ಅವನ ಬಾಯಿಂದ ಬಾರದ್ದು ನನ್ನ ಭಯವನ್ನು ಹೆಚ್ಚಿಸಿತು. ಏಕೆಂದರೆ ಒಳಗೊಳಗೇ ಇನ್ನೊಂದು ಹೆದರಿಕೆ ಶುರುವಾಗಿತ್ತು. ಅವ್ವನ ಮುಖ ನನಗೇ ಮಸುಕಾಗುತ್ತಿತ್ತು. ದನಿ ನೆನಪಿತ್ತು, ಸೆರಗು ಕಿವಿಯ ಹಿಂದೆ ಸಿಕ್ಕಿಸುವುದು ನೆನಪಿತ್ತು. ಬೆಳಿಗ್ಗೆ ಎದ್ದು ಮುಖ ನೆನೆಸಿಕೊಳ್ಳಲು ಹೋದರೆ ಮಾತ್ರ ಸರಿಯಾಗಿ ಬರುತ್ತಿರಲಿಲ್ಲ. ಇಂಥ ಹೊತ್ತಿನಲ್ಲಿ ಗೋಡೆಯ ಮೇಲೆ ಮಾವನ ಮೂವತ್ತೆರಡರ ಮುಖ ಬಂದು ಕೂತರೆ ಹತ್ತು ವರ್ಷದಲ್ಲಿ ನಾನೂ ಆ ನಂದವರಂ ಮುದುಕಿಯ ಹಾಗೆ "ಹಂಗೇ ಇದ್ಲೇನೋ" ಎನ್ನುತ್ತೇನೆ. ಅವ್ವ ಪೂರ್ತಿ ಹೋಗಿಬಿಡುತ್ತಾಳೆ.

ತಿಂಗಳುಗಳು ಕಳೆದವು. ಕೇಳಿದಾಗಲೆಲ್ಲ "ಆಗ್ತೈತಿ" ಎಂದೇ ಹೇಳಿದ. ತಿಥಿಗೆ ಮೂರು ತಿಂಗಳಿರುವಾಗ ಹೊಸ ಅವತಾರ ಶುರುವಾಯಿತು. ಆದವಾನಿಯ ಬಿಸಿಲಿನಲ್ಲಿ, ನಡುಮಧ್ಯಾಹ್ನ, ತಲೆಗೆ ಉಣ್ಣೆಯ ಮಂಕಿ ಕ್ಯಾಪ್, ಮುಖಕ್ಕೆ ಮಾಸ್ಕ್! ಬೀದಿಯಲ್ಲಿ ನಾಯಿಗಳು ಬೆನ್ನು ಹತ್ತುತ್ತಿದ್ದವು. ನೆಂಟರ ಮದುವೆಗೆ ಬರಲಿಲ್ಲ. ನಾನು ಎದುರಾದರೆ ಪಕ್ಕದ ಓಣಿಗೆ ತಿರುಗುತ್ತಿದ್ದ. ಕೂದಲು ಉದುರಿ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದಾನೆಂದು ಒಬ್ಬರು, ಹೊಸ ಕೂದಲು ನೆಡಿಸಿಕೊಂಡಿದ್ದಾನೆಂದು ಇನ್ನೊಬ್ಬರು. ಅತ್ತೆಯನ್ನು ಕೇಳಿದೆ.

"ನನಗೇನ್ ಹೇಳ್ತಾನವ್ವ ಆತ? ಸ್ಟುಡಿಯೋದಾಗ ಪರದೆ ಎಳಕೊಂಡು ಕನ್ನಡಿ ಮುಂದ ಕುಂದರ್ತಾನ. ಮೊದಲಕಿಂತ ಜಾಸ್ತಿ ಆಗೈತಿ. ನಿಮ್ಮವ್ವನ ಹಸರ ಸೀರಿ ನನಗ ಕೊಟ್ಟಿದ್ದೆಲ್ಲ, ಅದನ್ನೂ ತಗೊಂಡ್ ಹೋಗ್ಯಾನ. ಲೈಟಿಗೆ ಕಟ್ಟಾಕ ಇರಬೇಕು," ಎಂದಳು.

ಅವ್ವನ ಸೀರೆಯನ್ನು ಲೈಟಿಗೆ ಕಟ್ಟುವುದು! ನನ್ನ ಸಹನೆ ಅಲ್ಲಿಗೆ ಮುಗಿಯಿತು. ತಿಥಿಗೆ ಮೂರೇ ದಿನ ಉಳಿದಿತ್ತು. ಮಧ್ಯಾಹ್ನದ ಕ್ಲಾಸು ಬಿಟ್ಟು ನೇರ ಸ್ಟುಡಿಯೋಗೆ ಹೊರಟೆ. ದಾರಿಯುದ್ದಕ್ಕೂ ಬೈಗುಳಗಳನ್ನು ಸಾಲಾಗಿ ಜೋಡಿಸಿಕೊಂಡೆ. ಅಕ್ಕ ಸತ್ತು ವರ್ಷವಾಯಿತು, ನಿನಗಿನ್ನೂ ಕನ್ನಡಿ ಸಾಕಾಗಲಿಲ್ಲವೇ ಎಂಬಲ್ಲಿಂದ ಶುರುಮಾಡಬೇಕೆಂದಿದ್ದೆ.

ಹೊರಗಿನ ಬೆಂಚಿನ ಮೇಲೆ ಹೊಸದಾಗಿ ಕಟ್ಟು ಹಾಕಿದ ಒಂದು ಫೋಟೋ ಇತ್ತು. ನಂದವರಂನ ಆ ಮುದುಕಿಯ ಗಂಡ. ಕೆನ್ನೆಯ ಮೇಲೆ ನರೂಲಿ ಮತ್ತೆ ಬಂದಿತ್ತು. ನಾನು ಅದನ್ನು ನೋಡಿದೆ, ಆದರೆ ಸಿಟ್ಟಿನಲ್ಲಿ ಅದರ ಅರ್ಥವಾಗಲಿಲ್ಲ. ಪರದೆ ಸರಿಸಿ ಒಳಗೆ ಹೋದೆ.

ದೀಪದ ಕೆಳಗೆ ಸ್ಟೂಲಿನ ಮೇಲೆ ಅವ್ವ ಕೂತಿದ್ದಳು.

ಹಸಿರು ಸೀರೆಯ ಸೆರಗು ತಲೆಯ ಮೇಲಿಂದ ಬಂದು ಕಿವಿಯ ಹಿಂದೆ ಸಿಕ್ಕಿಕೊಂಡಿತ್ತು. ಬೆಳ್ಳಗಿನ ಕೂದಲು. ಬಾಯಿ, ನಗುವ ಮೊದಲು ಬಿಗಿಹಿಡಿದ ಹಾಗೆ ಒಂದು ಕಡೆಗೆ ಒತ್ತಿಕೊಂಡಿತ್ತು. "ಅವ್ವಾ" ಎಂದುಬಿಟ್ಟೆ ನಾನು. ನಲವತ್ತು ದಾಟಿದ ಕಾಲೇಜು ಮೇಡಂ, ಮೂರು ವರ್ಷದ ಕೂಸಿನ ಹಾಗೆ.

"ಬಂದೇನವ್ವ?" ಎಂದಿತು ಮಾವನ ದನಿ.

ಮೀಸೆ ಇರಲಿಲ್ಲ. ನಲವತ್ತು ವರ್ಷ ಸಾಕಿದ ಮೀಸೆ. ಮೂರು ತಿಂಗಳಿಂದ ಬಣ್ಣ ಬಿಟ್ಟ ಕೂದಲು ಪೂರ್ತಿ ಬಿಳಿಯಾಗಿತ್ತು. ಮಂಕಿ ಕ್ಯಾಪಿನ ಕೆಳಗೆ ಅವನು ಬಚ್ಚಿಟ್ಟಿದ್ದು ಅದನ್ನು. ಅವನ ಎದುರಿಗೆ ಎರಡು ಕನ್ನಡಿಗಳು, ಒಂದು ಮುಂದೆ, ಒಂದು ಪಕ್ಕಕ್ಕೆ.

"ಆಕಿ ಬಾಯಿ ಹಿಂಗ ಇತ್ತಲ್ಲ? ನಗೂ ಮುಂದ, ಎಡಕ್ಕ ಒಂಚೂರು? ನಾ ಮೂರು ತಿಂಗಳಿಂದ ಹುಡುಕಾಕ ಹತ್ತೀನಿ. ಇವತ್ತು ಸಿಕ್ಕಂಗ ಆತು," ಎಂದ.

ಜೋಡಿಸಿಕೊಂಡು ಬಂದ ಬೈಗುಳಗಳಲ್ಲಿ ಒಂದೂ ನೆನಪಿರಲಿಲ್ಲ.

"ಐಸ್ ಪೆಟ್ಟಿಗ್ಯಾಗ ಮಲಗಿಸಿದ್ರೆಲ್ಲ ಆವತ್ತು," ಎಂದು ಮಾವ ಕನ್ನಡಿಯನ್ನೇ ನೋಡುತ್ತಾ ಹೇಳಿದ. "ಬಾಗಿ ನೋಡಿದೆ. ಆಕಿ ಮುಖದ ಮ್ಯಾಲ ನನ್ನ ಮುಖ ಬಿತ್ತು ಗಾಜಿನಾಗ. ಮೀಸಿ ಒಂದ ಅಡ್ಡ ಬರ್ತಿತ್ತು. ಕೈಯಿಂದ ಮುಚ್ಚಿದೆ. ಎಲ್ಡ್ ಮುಖ ಒಂದ ಆತು. ಫೋಟೋ ಇಲ್ಲಂತ ನೀ ಅಳ್ತಿದ್ದಿ. ಇಲ್ಲೇ ಐತಲ್ಲ ಅನಿಸ್ತು."

ಅವನು ಮೀಸೆ ತಿರುವುತ್ತಿದ್ದಾನೆಂದು ನಾನು ಅಂದುಕೊಂಡಿದ್ದೆ. ಒಂದು ವರ್ಷ ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ಅವನನ್ನು ಹಳಿದಿದ್ದೆ. ನನಗೆ ನಾಚಿಕೆಯಾಯಿತು.

"ಇನ್ನೊಂದು ಹೇಳಬೇಕವ್ವ ನಿನಗ," ಎಂದ. ಸ್ವಲ್ಪ ಹೊತ್ತು ಸೆರಗಿನ ಅಂಚನ್ನು ಸರಿಮಾಡಿಕೊಂಡ. "ಅಕ್ಕನ ಮುಖ ಫೋಟೋಕ್ಕ ಬರೂದಿಲ್ಲಂದದ್ದು ಸುಳ್ಳು. ಆವತ್ತು ಲೈಟ್ ತಪ್ಪಿಟ್ಟಿದ್ದೆ. ಅರ್ಧ ಮುಖ ಕರ್ರಗ ಬಂತು. ನನಗ ಕೆಲಸ ಬರ್ತಿದ್ದಿಲ್ಲ. ಬರೂದಿಲ್ಲಂತ ಆಕಿ ಮುಂದ ಹೇಳಾಕ ನಾಚಿಕಿ ಬಂತು. ತಪ್ಪನ್ನ ಆಕಿ ಮುಖದ ಮ್ಯಾಲ ಹಾಕಿಬಿಟ್ಟೆ. ಮರುದಿನ ಹೇಳೋಣಂದ್ರ, ಆಕಿ ಅಷ್ಟೊತ್ತಿಗೆ ನೀಲಿ ಅರಿವಿ ಹಿಡಕೊಂಡು ಹಿಂದ ನಿಂತಿದ್ಲು. ಆಮ್ಯಾಲ ಹೇಳಾಕ ಆಗ್ಲೇ ಇಲ್ಲ."

ಒಂದು ಸಣ್ಣ ಸುಳ್ಳು. ನಾನು ವರ್ಷ ವರ್ಷ ಪಾಠ ಮಾಡುವುದು ಇದನ್ನೇ. ನಲವತ್ತು ವರ್ಷ ನಮ್ಮವ್ವ ತನ್ನ ಮುಖ ಸರಿಯಿಲ್ಲವೆಂದು ನಂಬಿ ನಗುತ್ತಾ ಬದುಕಿದಳು. ನಾನು ಅವನಿಗೆ ಬೈಯಬೇಕಾಗಿತ್ತು. ನಿಜವಾದ ಕಾರಣ ಸಿಕ್ಕಿದ್ದು ಇದೇ ಮೊದಲು. ಆದರೆ ಎದುರಿಗೆ ಅವ್ವನ ಮುಖ ಇತ್ತು, ಆ ಮುಖ ಅಳುತ್ತಿತ್ತು. ಅವ್ವ ಅಳುವಾಗ ನಾನು ಯಾವತ್ತೂ ಜಗಳವಾಡಿದವಳಲ್ಲ. ಸೆರಗಿನಿಂದ ಅವನ ಕಣ್ಣು ಒರೆಸಿದೆ.

"ಸೆರಗು ಇನ್ನೊಂಚೂರು ಹಿಂದ ಇರ್ತಿತ್ತು," ಎಂದು ಸರಿಮಾಡಿದೆ.

ಮಾವ ಕ್ಯಾಮೆರಾಕ್ಕೆ ಟೈಮರ್ ಹಾಕಿದ. ಹಿಂದೆ ಬಟ್ಟೆ ಹಿಡಿಯುವವರು ಬೇಕಿತ್ತು. ಅದೇ ನೀಲಿ ಬಟ್ಟೆ, ಈಗ ಮಾಸಿ ಬೂದಿಯಾಗಿತ್ತು. ನಾನು ಅವನ ಬೆನ್ನ ಹಿಂದೆ ನಿಂತು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಹತ್ತು ಸೆಕೆಂಡಿನಲ್ಲೇ ತೋಳು ನೋಯತೊಡಗಿತು. ಅವ್ವ ದಿನಗಟ್ಟಲೆ ಹೇಗೆ ಹಿಡಿಯುತ್ತಿದ್ದಳೋ.

ತಿಥಿಯ ದಿನ ಕ್ಯಾಲೆಂಡರ್ ತೆಗೆದು ಆ ಮೊಳೆಗೆ ಅವ್ವನನ್ನು ತೂಗುಹಾಕಿದೆವು. ನಾನು ಹೇಳಿದ್ದ ಮಾತನ್ನು ಮುರಿದು, ಮಾವನ ಮುಖವನ್ನು ನಾನೇ ಎತ್ತಿಕೊಂಡು ಹೊಸ್ತಿಲು ದಾಟಿಸಿದೆ. ಆಲೂರಿನ ಮುದುಕಿಯರು ನೋಡಿ, "ಇದನ್ನ ಯಾವಾಗ ತಗಸಿದ್ಲು? ಯಾರಿಗೂ ತಗ್ಯಾಕ ಬಿಡ್ತಿದ್ದಿಲ್ಲಲ್ಲ," ಎಂದು ಕಣ್ಣೊರೆಸಿಕೊಂಡರು. ಮಗ್ಗುಲಲ್ಲೇ ಊಟದ ಎಲೆ ಹಾಕುತ್ತಿದ್ದ ಬೋಳುಮುಖದ ಮುದುಕನನ್ನು ಕರೆದು, "ಆಕಿ ತಮ್ಮ ಎಲ್ಲದಾನಪ್ಪಾ, ಮೀಸಿ ಸ್ಟುಡಿಯೋದಾತ? ಇವತ್ತರ ಬರಬಾರದೇನು?" ಎಂದು ಕೇಳಿದರು. "ಬರ್ತಾನಂತ್ರಿ," ಎಂದು ಹೇಳಿ ಮಾವ ಎಲೆ ಹಾಕುತ್ತಾ ಮುಂದೆ ಹೋದ. ಫೋಟೋದ ಬಲ ಅಂಚಿನಲ್ಲಿ ನನ್ನ ಎರಡು ಬೆರಳು ಬಂದಿವೆ. ಅಷ್ಟೆಲ್ಲ ತಿದ್ದುವವನು ಅದೊಂದನ್ನು ತಿದ್ದದೆ ಬಿಟ್ಟಿದ್ದಾನೆ.

ಅವನು ಸುಧಾರಿಸಿಬಿಟ್ಟ ಎಂದು ತಿಳಿಯಬೇಡಿ. ಮೊನ್ನೆ ಅತ್ತೆ ಫೋನ್ ಮಾಡಿ, "ಮೀಸಿನೂ ಮತ್ತ ಬೆಳಸವಲ್ಲ, ಕನ್ನಡಿನೂ ಬಿಡವಲ್ಲ. ಮುಂಜಾನಿಂದ ಅಲ್ಲೇ ಕುಂತಾನ. ನೀನರ ಬಂದು ನಾಲ್ಕು ಮಾತು ಬೈಯವ್ವ," ಎಂದಳು. ಬೈಯಲೆಂದೇ ಹೋದೆ. ಪರದೆಯ ಹಿಂದೆ, ಸೆರಗು ಗಿರಗು ಏನಿಲ್ಲದೆ, ತನ್ನ ಮಾಮೂಲು ಅಂಗಿಯಲ್ಲಿ ಕನ್ನಡಿಯ ಮುಂದೆ ಕೂತಿದ್ದ. ಬಾಯನ್ನು ಒಂಚೂರು ಎಡಕ್ಕೆ ಒತ್ತಿ ಹಿಡಿದಿದ್ದ. ಇನ್ನೊಂದು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತೆ.

"ಒಂಚೂರು ಈ ಕಡೆ ತಿರುಗು ಮಾಮಾ," ಎಂದೆ. "ನನಗೂ ಕಾಣ್ಲಿ."